ಕೇಳಿ, ಹೇಳ್ತೇವೆ: ಊರೂರು ಸುತ್ತಿದ ಲೂಸಿಯೊ

ಪ್ರಶ್ನೆ: 2015ರಲ್ಲಿ ಮಡಗಾಂವ್‌ಗೆ ಹೋಗಿ, ಫತೋರ್ಡಾ ಮೈದಾನದಲ್ಲಿ ಎಫ್‌ಸಿ ಗೋವಾ ಪರ ಆಡುತ್ತಿದ್ದ ಬ್ರೆಜಿಲ್‌ನ ಫುಟ್‌ಬಾಲ್ ಡಿಫೆಂಡರ್ (ಎದುರಾಳಿಗಳ ದಾಳಿ ತಡೆಯುವ ಆಟಗಾರ) ಲೂಸಿಯೊನನ್ನು ನೋಡಿದ್ದೆ. ಅಷ್ಟು ದೊಡ್ಡ ಆಟಗಾರ ಅಷ್ಟೊಂದು ಕ್ಲಬ್ ಬದಲಿಸಿದ್ದು ಯಾಕೆ? ದುಡ್ಡಿನ ಹಿಂದೆ ಹೋದ ಅಂತಾರೆ ಗೆಳೆಯರು.
- ಕಾರವಾರದ ಓದುಗರು

ಉತ್ತರ: ನಿಮ್ಮ ಗೆಳೆಯರ ಮಾತು ನಾನು ಒಪ್ಪಲ್ಲ. ಪಟ್ಟಿ ಉದ್ದ ಇದೆ, ನಿಜ. ಆದರೆ ಯುರೋಪಿನಲ್ಲಿ ಆತನ ಒಳ್ಳೆಯ ವರ್ಷಗಳೆಲ್ಲ ಕಳೆದದ್ದು ಮೂರೇ ಕ್ಲಬ್‌ನಲ್ಲಿ: ಜರ್ಮನಿಯ ಲೆವರ್ಕುಸೆನ್, ಬಯರ್ನ್ ಮ್ಯೂನಿಕ್, ಇಟಲಿಯ ಇಂಟರ್ ಮಿಲಾನ್. ಯುವೆಂಟಸ್, ಸಾವೊ ಪಾಲೊ, ಪಾಲ್ಮೈರಾಸ್, ಗೋವಾ ಎಲ್ಲ ಬಂದದ್ದು 34 ದಾಟಿದ ಮೇಲೆ. ಆ ವಯಸ್ಸಿಗೆ ಬಹಳಷ್ಟು ಡಿಫೆಂಡರ್‌ಗಳು ಬೂಟು ಕಳಚಿಡುತ್ತಾರೆ, ಈತನಿಗೆ ಇನ್ನೂ ಆಡಬೇಕಿತ್ತು, ಅಷ್ಟೇ.

ಶುರುವಾದದ್ದೇ ಒಂದು ಸೋಲಿನಿಂದ. ಬ್ರೆಸಿಲಿಯಾ ಹತ್ತಿರದ ಪುಟ್ಟ ಕ್ಲಬ್ ಗ್ವಾರಾ ಪರ ಆಡುವಾಗ 1997ರಲ್ಲಿ ಬ್ರೆಜಿಲ್‌ನದೇ ದೊಡ್ಡ ಕ್ಲಬ್ ಇಂಟರ್‌ನ್ಯಾಸಿಯೊನಾಲ್ ಎದುರು 7-0 ಅಂತರದಲ್ಲಿ ಸೋತರು. ಏಳು ಗೋಲು ಬಿಟ್ಟುಕೊಟ್ಟ ತಂಡದ ಡಿಫೆಂಡರ್‌ನನ್ನೇ ಗೆದ್ದವರು ಕರೆದುಕೊಂಡರು ಅಂದ್ರೆ, ಹುಡುಗನಲ್ಲಿ ಏನೋ ಕಂಡಿರಬೇಕು ಅಲ್ವಾ?

2002 ನೋಡಿ. ಲೆವರ್ಕುಸೆನ್ ಕೆಲವೇ ವಾರಗಳಲ್ಲಿ ಜರ್ಮನ್ ಲೀಗ್, ಜರ್ಮನ್ ಕಪ್, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಮೂರನ್ನೂ ಕೊನೆ ಮೆಟ್ಟಿಲಲ್ಲಿ ಕಳೆದುಕೊಂಡಿತು. ರಿಯಲ್ ಮ್ಯಾಡ್ರಿಡ್ ಎದುರಿನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲೂಸಿಯೊ ತಲೆಯಿಂದ ಗೋಲು ಹೊಡೆದಿದ್ದ. ಆಮೇಲೆ ವಿಶ್ವಕಪ್ ಕ್ವಾರ್ಟರ್ ಫೈನಲ್. ಇಂಗ್ಲೆಂಡ್‌ನ ಉದ್ದ ಪಾಸೊಂದು ಈತನ ಮೈಗೆ ತಾಗಿ ಅವರ ಸ್ಟ್ರೈಕರ್ ಓವೆನ್ ಮುಂದೆ ಬಿತ್ತು, ಓವೆನ್ ಸುಮ್ನೆ ಬಿಡ್ತಾನಾ? ಗೋಲು. ಆ ತಪ್ಪು ಮಾಡಿದವನು ಒಂಬತ್ತು ದಿನಕ್ಕೆ ಯೊಕೊಹಾಮಾದಲ್ಲಿ ತನ್ನದೇ ಕ್ಲಬ್‌ನ ಶ್ನೈಡರ್, ನೋಯ್‌ವಿಲ್ ಇದ್ದ ಜರ್ಮನಿಯನ್ನು ತಡೆದು ನಿಲ್ಲಿಸಿ ವಿಶ್ವಕಪ್ ಎತ್ತಿದ.

ಬಯರ್ನ್‌ಗೆ ಮೂರು ಲೀಗ್ ಗೆಲ್ಲಿಸಿಕೊಟ್ಟ. 2009ರಲ್ಲಿ ಬ್ರೆಜಿಲ್ ನಾಯಕನಾಗಿ, ಅಮೆರಿಕ ಎದುರು 0-2 ಹಿಂದಿದ್ದ ಕಾನ್ಫೆಡರೇಷನ್ಸ್ ಕಪ್ ಫೈನಲ್‌ನಲ್ಲಿ ಗೆಲುವಿನ ಗೋಲನ್ನೂ ಹೊಡೆದ. ಅದೇ ಬೇಸಿಗೆಯಲ್ಲಿ ಬಯರ್ನ್‌ಗೆ ಬಂದ ಹೊಸ ಕೋಚ್ ವಾನ್ ಗಾಲ್‌ಗೆ ಈತ ಬೇಡವಾದ! ಇಂಟರ್‌ಗೆ ಹೋದ. ಮುಂದಿನ ವರ್ಷ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಎದುರಾದದ್ದು ಯಾರು? ಅದೇ ವಾನ್ ಗಾಲ್, ಅದೇ ಬಯರ್ನ್. ಇಂಟರ್ 2-0. ನನಗಂತೂ ಆ ರಾತ್ರಿ ತುಂಬಾ ಖುಷಿಯಾಗಿತ್ತು, ಈಗಲೂ ನೆನೆದರೆ ಆಗುತ್ತೆ.

ನೀವು ನೋಡುವಾಗ ಆತನಿಗೆ 37. ಕೋಚ್ ಝೀಕೊ ಕೈಕೆಳಗೆ ಗೋವಾ ಇಂಡಿಯನ್ ಸೂಪರ್ ಲೀಗ್ ಫೈನಲ್‌ಗೆ ಬಂತು, ಅದೇ ಫತೋರ್ಡಾದಲ್ಲಿ ಕೊನೆ ಗಳಿಗೆಯಲ್ಲಿ ಚೆನ್ನೈಯಿನ್‌ಗೆ 3-2ರಿಂದ ಸೋತಿತು.

ಪ್ರಶ್ನೆ: ನನ್ನ ಮಗ ಡಿಫೆಂಡರ್. ಜೋರಾಗಿ ಮೇಲೆ ಬಿದ್ದರೇ ಡಿಫೆನ್ಸ್ ಅಂದುಕೊಂಡಿದ್ದಾನೆ, ಪ್ರತಿ ಪಂದ್ಯಕ್ಕೂ ಕಾರ್ಡ್. ಏನು ಮಾಡಲಿ?
- ಬೆಂಗಳೂರಿನ ಓದುಗರು

ಉತ್ತರ: ಮೇಲೆ ಹೇಳಿದ ಲೂಸಿಯೊನನ್ನೇ ತೋರಿಸಿ. 2006ರ ವಿಶ್ವಕಪ್‌ನಲ್ಲಿ ಸತತ 386 ನಿಮಿಷ ಒಂದೂ ಫೌಲ್ ಮಾಡದೆ ಆಡಿದ್ದ, ಅದೂ ಅಷ್ಟು ದೈತ್ಯ ಮನುಷ್ಯ. ಎದುರಾಳಿ ಚೆಂಡನ್ನು ಎಲ್ಲಿಗೆ ತರುತ್ತಾನೆ ಅಂತ ಮೊದಲೇ ಲೆಕ್ಕ ಹಾಕಿ ಅಲ್ಲಿ ನಿಂತಿದ್ದರೆ ಎಳೆದಾಡುವ ಕೆಲಸವೇ ಇರಲ್ಲ. 2010ರ ಆ ಇಂಟರ್ ಪಂದ್ಯ ಹಾಕಿಕೊಡಿ. ಚೆಂಡನ್ನು ಬಿಟ್ಟು, ಅರ್ಧ ಗಂಟೆ ಲೂಸಿಯೊ ಕಾಲುಗಳನ್ನಷ್ಟೇ ನೋಡಲಿ.