ಬುದ್ಧಿ ಹಲ್ಲು ಕಿತ್ತ ಗುಳಿಯಲ್ಲಿ ಬಿಳಿ ಪದರ: ಕೀವೋ, ಗಾಯ ಮಾಯುವ ಲಕ್ಷಣವೋ?

ಪ್ರಶ್ನೆ: ನನಗೆ 27 ವರ್ಷ. ಕೆಳದವಡೆಯಲ್ಲಿ ಅಡ್ಡ ಬೆಳೆದಿದ್ದ ಬುದ್ಧಿ ಹಲ್ಲನ್ನು ಮಂಗಳೂರಿನಲ್ಲಿ ವಸಡು ಕೊಯ್ದು ತೆಗೆಸಿ ಇಂದಿಗೆ ಆರು ದಿನ. ಮೂರು ಹೊಲಿಗೆ ಹಾಕಿದ್ದಾರೆ. ಊತ, ನೋವು ಎರಡೂ ಇಳಿದಿವೆ. ಆದರೆ ಟಾರ್ಚ್ ಹಾಕಿ ನೋಡಿದರೆ ಗುಳಿಯಲ್ಲಿ ಬಿಳಿ-ಹಳದಿ ಪದರ ಕಾಣುತ್ತದೆ. ಅದು ಕೀವೇ? ಅನ್ನದ ಅಗುಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ. ಅಮ್ಮ ಲವಂಗದೆಣ್ಣೆ ಹಚ್ಚು ಎನ್ನುತ್ತಾರೆ. ಎಲೆಯಡಿಕೆ ಹಾಕುವ ಅಭ್ಯಾಸವಿದೆ, ಮತ್ತೆ ಯಾವಾಗ ಶುರು ಮಾಡಬಹುದು? – ಬದಿಯಡ್ಕದ ಓದುಗ

ಉತ್ತರ: ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಅದು ಕೀವಲ್ಲ. ಹಲ್ಲು ಕಿತ್ತ ಕೂಡಲೇ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ ಆ ಹೆಪ್ಪಿನೊಳಕ್ಕೆ ಸಣ್ಣ ರಕ್ತನಾಳಗಳು, ಎಳೆ ಮಾಂಸ ಬೆಳೆಯತೊಡಗುತ್ತವೆ. ಅದರ ಮೇಲ್ಮೈ ಬಾಯಿಯ ತೇವದಲ್ಲಿ ಬಿಳಿಚಿಕೊಂಡು ಹೀಗೆ ಕಾಣುತ್ತದೆ. ಹತ್ತಿಯಿಂದಲೋ ಕಡ್ಡಿಯಿಂದಲೋ ಅದನ್ನು ಕೆರೆದು ತೆಗೆಯಬೇಡಿ. ಕೆರೆದರೆ ಕೀಳುವುದು ಕೊಳೆಯನ್ನಲ್ಲ, ಹೊಸ ವಸಡನ್ನೇ. ಕೀವಾಗಿದ್ದರೆ ವಸಡನ್ನು ಒತ್ತಿದಾಗ ದ್ರವ ಹೊರಬರುತ್ತದೆ, ಬಾಯಿಗೆ ಕೆಟ್ಟ ರುಚಿ ಬರುತ್ತದೆ, ಇಳಿದ ಊತ ಮತ್ತೆ ಏರುತ್ತದೆ, ಜ್ವರವೂ ಬರಬಹುದು.

ಬಣ್ಣಕ್ಕಿಂತ ನೋವಿನ ದಿಕ್ಕನ್ನು ಗಮನಿಸಿ ಎನ್ನುವುದು ನಮ್ಮ ಸಲಹೆ. ಊತ ಎರಡು-ಮೂರನೇ ದಿನ ಅತಿ ಹೆಚ್ಚಿದ್ದು, ಆಮೇಲೆ ಇಳಿಯುತ್ತದೆ. ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಕಡಿಮೆಯಾದ ನೋವು ಎರಡರಿಂದ ನಾಲ್ಕನೇ ದಿನದೊಳಗೆ ಮರುಕಳಿಸಿ, ಕಿವಿ-ಕೆನ್ನೆಯ ಕಡೆಗೆ ಸಿಡಿದು, ಮಾತ್ರೆಗೂ ಬಗ್ಗದೆ, ಬಾಯಿ ವಾಸನೆ ಬಂದರೆ ಅದು ‘ಡ್ರೈ ಸಾಕೆಟ್’ ಇರಬಹುದು. ಹೆಪ್ಪು ಕಳಚಿಹೋಗಿಯೋ ಕರಗಿಯೋ ಒಳಗಿನ ಎಲುಬು ಬರಿದಾಗುವ ಸ್ಥಿತಿ ಅದು. ಕೆಳದವಡೆಯ ಬುದ್ಧಿ ಹಲ್ಲಿನಲ್ಲಿ ಇದು ಹೆಚ್ಚು. ಬೀಡಿ-ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ ಅಪಾಯ ಇನ್ನೂ ಜಾಸ್ತಿ. ದಂತವೈದ್ಯರು ಗುಳಿಯನ್ನು ಸಲೈನಿನಲ್ಲಿ ತೊಳೆದು ಔಷಧಿಯ ಪಟ್ಟಿ ತುಂಬಿದರೆ ಸಾಮಾನ್ಯವಾಗಿ ಅದೇ ದಿನ ನೋವು ತಗ್ಗುತ್ತದೆ. ಪಟ್ಟಿಯನ್ನು ಒಂದೆರಡು ದಿನಕ್ಕೊಮ್ಮೆ ಬದಲಿಸಬೇಕಾಗಬಹುದು. ನೋವಿಲ್ಲದೆ ಆರನೇ ದಿನ ತಲುಪಿದ ನೀವು ಆ ಭಯದಿಂದ ಬಹುಮಟ್ಟಿಗೆ ಪಾರಾಗಿದ್ದೀರಿ.

ಲವಂಗದೆಣ್ಣೆಯ ಬಗ್ಗೆ ನಿಮ್ಮ ಅಮ್ಮ ಹೇಳಿದ್ದಕ್ಕೆ ಆಧಾರವಿದೆ. ಅದರಲ್ಲಿರುವ ಯುಜೆನಾಲ್ ನೋವು ಶಮನಕಾರಿ, ಡ್ರೈ ಸಾಕೆಟ್ ಪಟ್ಟಿಗಳಲ್ಲಿಯೂ ಬಳಕೆಯಲ್ಲಿದೆ. ಆದರೆ ಅಂಗಡಿಯ ಎಣ್ಣೆಯನ್ನು ನೇರವಾಗಿ ಹಸಿ ಗಾಯಕ್ಕೆ ಹಾಕಿದರೆ ಎಳೆ ವಸಡು ಸುಡುತ್ತದೆ. ಮಾಯುತ್ತಿರುವ, ನೋವಿಲ್ಲದ ಗುಳಿಗೆ ಅದು ಬೇಡ. ಅರಸಿನ ಪುಡಿ, ಹೊಗೆಸೊಪ್ಪು ತುಂಬುವುದಂತೂ ಬೇಡವೇ ಬೇಡ.

ಅಗುಳು ಸಿಕ್ಕಿಕೊಳ್ಳುವುದು ಕೆಳದವಡೆಯಲ್ಲಿ ಸಹಜ. ಒಂದು ಲೋಟ, ಅಂದರೆ ಸುಮಾರು 250 ಮಿ.ಲೀ. ಉಗುರುಬೆಚ್ಚನೆಯ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಪ್ರತಿ ಊಟದ ನಂತರವೂ ಮಲಗುವ ಮುನ್ನವೂ ಬಾಯಿಯಲ್ಲಿ ತುಂಬಿಕೊಂಡು ತಲೆ ಆ ಬದಿಗೆ ವಾಲಿಸಿ, ತಾನಾಗಿ ಹೊರಬೀಳುವಂತೆ ಬಿಡಿ. ರಭಸದಿಂದ ಮುಕ್ಕಳಿಸಿ ಉಗುಳಬಾರದು. ಅಷ್ಟಕ್ಕೂ ಅಗುಳು ಬರದಿದ್ದರೆ ವೈದ್ಯರನ್ನು ಕೇಳಿ, ಒಂದು ವಾರ ಕಳೆದ ಮೇಲೆ ಸೂಜಿಯಿಲ್ಲದ, ತುದಿ ಬಾಗಿದ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಅದೇ ಉಪ್ಪುನೀರನ್ನು ಮೆಲ್ಲಗೆ ಹಾಯಿಸಬಹುದು. ತುದಿ ಗುಳಿಯ ಬಾಯಲ್ಲೇ ಇರಲಿ, ಒಳಗೆ ತುರುಕಬೇಡಿ. ಸದ್ಯಕ್ಕೆ ಕುಚ್ಚಲಕ್ಕಿಯ ಬದಲು ಬೆಳ್ತಿಗೆ ಅಕ್ಕಿಯ ಗಂಜಿ ಚೆನ್ನಾಗಿ ಮಸೆದು, ಖಾರವಿಲ್ಲದ ತಂಬುಳಿಯೊಂದಿಗೆ ಎಡದವಡೆಯಲ್ಲೋ ಬಲದವಡೆಯಲ್ಲೋ ಗಾಯವಿಲ್ಲದ ಬದಿಯಲ್ಲಿ ಉಣ್ಣಿ. ರಾಗಿ ಮಣ್ಣಿ, ಮೊಟ್ಟೆ, ಮೊಸರು ಒಳ್ಳೆಯದು. ಬೊಂಡವನ್ನು (ಎಳನೀರನ್ನು) ಲೋಟಕ್ಕೆ ಹೊಯ್ದು ಕುಡಿಯಿರಿ, ಸ್ಟ್ರಾ ಬೇಡ.

ವೈದ್ಯರು 0.2% ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ಔಷಧಿ ಬರೆದಿದ್ದರೆ 10 ಮಿ.ಲೀ.ಯಂತೆ ದಿನಕ್ಕೆರಡು ಬಾರಿ ಸಾಕು. ಹಲ್ಲುಜ್ಜಿದ ತಕ್ಷಣ ಬೇಡ, ಪೇಸ್ಟು ಅದರ ಶಕ್ತಿಯನ್ನು ಕುಂದಿಸುತ್ತದೆ. ಹೇಳಿದ ದಿನಕ್ಕಿಂತ ಹೆಚ್ಚು ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಬಾಯಿ ತೆರೆಯದಿರುವುದಕ್ಕೆ ಕಾರಣ ಅಗಿಯುವ ಸ್ನಾಯುಗಳ ಬಿಗಿತ. ಈಗ ಐಸ್ ಬೇಡ, ಅದು ಮೊದಲ ಒಂದೆರಡು ದಿನಕ್ಕೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ 15 ನಿಮಿಷ ಇಟ್ಟು, ಆಮೇಲೆ ಬಿಗಿ ತಾಗುವಷ್ಟು ಬಾಯಿ ತೆರೆದು ಐದು ಸೆಕೆಂಡ್ ಹಿಡಿಯಿರಿ. ಹತ್ತು ಸಲದಂತೆ ದಿನಕ್ಕೆ ನಾಲ್ಕು ಬಾರಿ. ಒಂದೆರಡು ವಾರದಲ್ಲಿ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಿಡಿಯುವಷ್ಟು ತೆರೆಯಬೇಕು. ಹಲ್ಲು ಕೀಳಿಸುವ ಮೊದಲೇ ಬಾಯಿ ಕಡಿಮೆ ತೆರೆಯುತ್ತಿತ್ತೇ, ಖಾರ ತಿಂದರೆ ಕೆನ್ನೆಯೊಳಗೆ ಉರಿಯುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ವೈದ್ಯರಿಗೆ ತಪ್ಪದೆ ಹೇಳಿ. ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟುವ ಕಾಯಿಲೆಯ ಲಕ್ಷಣವೂ ಅದೇ.

ಹೊಲಿಗೆ ರೇಷ್ಮೆ ದಾರದ್ದಾದರೆ ಏಳನೇ ದಿನದ ಸುಮಾರಿಗೆ ತೆಗೆಸಬೇಕು, ಕರಗುವ ದಾರವಾದರೆ ತಾನೇ ಉದುರುತ್ತದೆ. ವಸಡು ಕೂಡಿಕೊಳ್ಳಲು ಮೂರು-ನಾಲ್ಕು ವಾರ, ಒಳಗೆ ಎಲುಬು ತುಂಬಲು ತಿಂಗಳುಗಳೇ ಬೇಕು.

ಇನ್ನು ಎಲೆಯಡಿಕೆ. ಅಡಿಕೆ ಚೂರು ಗುಳಿಯಲ್ಲಿ ಕೂರುತ್ತದೆ, ಸುಣ್ಣ ಗಾಯವನ್ನು ಸುಡುತ್ತದೆ, ಹೊಗೆಸೊಪ್ಪು ಮಾಯುವುದನ್ನು ತಡಮಾಡುತ್ತದೆ. ವಸಡು ಪೂರ್ತಿ ಮುಚ್ಚುವವರೆಗೆ ಖಂಡಿತ ಬೇಡ. ಅಡಿಕೆ ನಮ್ಮೂರಿನ ಅನ್ನವೆಂಬುದು ಗೊತ್ತು. ಆದರೂ ಹೊಗೆಸೊಪ್ಪಿಲ್ಲದೆ ಜಗಿದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರದಿ ಪ್ರಕಟಿಸಿದೆ. ಒಂದು ತಿಂಗಳು ಬಿಟ್ಟವರು ಮತ್ತೆ ಶುರು ಮಾಡದಿರುವುದೇ ಲೇಸು.

ಪ್ರಶ್ನೆ: ನನ್ನ ಅತ್ತೆಗೆ 61 ವರ್ಷ, ಸಕ್ಕರೆ ಕಾಯಿಲೆಯಿದೆ. ಹೃದಯಕ್ಕಾಗಿ ಆಸ್ಪಿರಿನ್ 75 ಸೇವಿಸುತ್ತಾರೆ. ಹಲ್ಲು ಕೀಳಿಸಲು ಅದನ್ನು ನಿಲ್ಲಿಸಬೇಕೆ? ಕೀಳಿಸಿದ ದಿನವೇ ಬಸ್ಸಿನಲ್ಲಿ ಮರಳಬೇಕು. – ಮುಳ್ಳೇರಿಯದ ಓದುಗರು

ಉತ್ತರ: ನೀವಾಗಿ ನಿಲ್ಲಿಸಬೇಡಿ. ಒಂದು ಹಲ್ಲು ಕೀಳಲು ಸಾಮಾನ್ಯವಾಗಿ ಆಸ್ಪಿರಿನ್ ಬಿಡಿಸುವುದಿಲ್ಲ. ಹೊಲಿಗೆ, ಒತ್ತಡದಿಂದಲೇ ರಕ್ತ ನಿಲ್ಲಿಸುತ್ತಾರೆ. ಎಲುಬು ಸವೆತಕ್ಕೆ ಇಂಜೆಕ್ಷನ್ ಅಥವಾ ವಾರದ ಮಾತ್ರೆ ಪಡೆಯುತ್ತಿದ್ದರೆ ಅದನ್ನೂ ಮೊದಲೇ ತಿಳಿಸಿ, ಕೆಲವು ಔಷಧಿಗಳಿಂದ ದವಡೆಯ ಎಲುಬು ಮಾಯದೆ ಉಳಿಯಬಹುದು. ಬೆಳಗ್ಗೆ ಉಪಾಹಾರ, ಸಕ್ಕರೆಯ ಮಾತ್ರೆ ಎರಡೂ ಮುಗಿಸಿ ಹೊರಡಲಿ.

ಕಚ್ಚಿದ ಬಟ್ಟೆಯನ್ನು 45 ನಿಮಿಷ ತೆಗೆಯಬಾರದು. ರಕ್ತ ನಿಂತದ್ದನ್ನು ವೈದ್ಯರು ನೋಡಿದ ಮೇಲೆಯೇ ಬಸ್ಸು ಹತ್ತಿ. ಎರಡು ತುಂಡು ಶುದ್ಧ ಗಾಜ್ ಕೈಚೀಲದಲ್ಲಿರಲಿ. ದಾರಿಯಲ್ಲಿ ಕಿಟಕಿಯಿಂದ ಉಗುಳುತ್ತ ಬಂದರೆ ಹೆಪ್ಪು ನಿಲ್ಲುವುದಿಲ್ಲ, ಉಗುಳನ್ನು ನುಂಗಲಿ. ಎಂಜಲು ಗುಲಾಬಿ ಬಣ್ಣಕ್ಕಿದ್ದರೆ ಚಿಂತೆಯಿಲ್ಲ. ಬಾಯಿ ತುಂಬ ರಕ್ತ ಬಂದರೆ ಹೊಸ ಗಾಜ್ ಮಡಚಿ ಅರ್ಧ ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಲಿ, ಆಗಲೂ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ. ನೋವಿಗೆ ವೈದ್ಯರು ಬರೆದ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಇದೆಯೇ ಎಂದು ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಓದಿ. ಇದ್ದರೆ ಮೇಲಿಂದ ಡೋಲೋ ಕೊಡಬೇಡಿ, ಅದೂ ಪ್ಯಾರಾಸಿಟಮಾಲೇ. ಐಬುಪ್ರೊಫೆನ್ ಅನ್ನು ಆಸ್ಪಿರಿನ್ ಜೊತೆ ವೈದ್ಯರನ್ನು ಕೇಳದೆ ಕೊಡಬಾರದು. ಮರುದಿನವೂ ತುಟಿ ಅಥವಾ ನಾಲಿಗೆ ಮರಗಟ್ಟಿದಂತಿದ್ದರೆ, ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ಫೋನಿನಲ್ಲಿ ವಿಚಾರಿಸುತ್ತ ಕೂರದೆ ಕರೆದುಕೊಂಡು ಹೋಗಿ.