ಹೆಲ್ಮೆಟ್ ಇಂಟರ್‌ಕಾಮ್: ಮೊದಲು ದಾರಿ ಹೇಳುವ ದನಿ ಸರಿಯಾಗಿ ಕೇಳಿಸಲಿ

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ ಹಿಮಾಲಯನ್ 450 ಬೈಕ್ ಇದೆ. ನಾನೂ ನನ್ನ ಹೆಂಡತಿಯೂ ಆಗಾಗ ಶಿವಮೊಗ್ಗದಿಂದ ಆಗುಂಬೆ ಮೇಲೆ ಉಡುಪಿಗೆ ಹೋಗುತ್ತೇವೆ. ಗೂಗಲ್ ಮ್ಯಾಪ್ಸ್ ಹೇಳುವ ದಾರಿ ಹೆಲ್ಮೆಟ್ ಒಳಗೆ ಕೇಳಿಸಬೇಕು, ನಾವಿಬ್ಬರೂ ಮಾತಾಡುವ ಹಾಗಿರಬೇಕು. ಅಂಗಡಿಯವರು ಮೆಶ್ ಇರುವುದನ್ನೇ ತಗೊಳ್ಳಿ, ಒಂದೂವರೆ ಕಿಲೋಮೀಟರ್ ರೇಂಜ್ ಸಿಗುತ್ತದೆ ಅಂತಾರೆ. ಅದರ ಬೆಲೆ ಕೇಳಿ ಸುಮ್ಮನಾದೆ. ಯಾವುದನ್ನು ಕೊಳ್ಳಲಿ?

— ಶಿವಮೊಗ್ಗದ ಓದುಗರು

ಉತ್ತರ: ನಿಮಗೆ ಮೆಶ್ ಬೇಡ. ನೀವಿಬ್ಬರೂ ಒಂದೇ ಬೈಕಿನಲ್ಲಿ ಕೂರುವವರು, ನಿಮ್ಮ ಹೆಲ್ಮೆಟ್‌ಗಳ ನಡುವೆ ಒಂದು ಮೊಳ ದೂರವಿದ್ದರೆ ಹೆಚ್ಚು. ಮೆಶ್ ಕೆಲಸಕ್ಕೆ ಬರುವುದು ಗುಂಪಿನಲ್ಲಿ. ಹಳೆಯ ಬ್ಲೂಟೂತ್ ಇಂಟರ್‌ಕಾಮ್‌ನಲ್ಲಿ ನಾಲ್ಕು ಬೈಕಿನವರು ಸರಪಳಿಯಂತೆ ಒಬ್ಬರಿಗೊಬ್ಬರು ಜೋಡಿಕೊಂಡಿರುತ್ತಾರೆ. ನಡುವಿನವನು ಹಿಂದುಳಿದರೆ ಅವನ ಆಚೆಗಿರುವವರ ಮಾತು ನಿಂತುಹೋಗುತ್ತದೆ. ಮೆಶ್ ತಾನೇ ಬೇರೆಯವರ ಮೂಲಕ ದಾರಿ ಹುಡುಕಿ ಸಂಪರ್ಕ ಉಳಿಸಿಕೊಳ್ಳುತ್ತದೆ. ಒಳ್ಳೆಯ ತಂತ್ರಜ್ಞಾನವೇ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಮ್ಮ ಪ್ರಯಾಣದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಇನ್ನು ಡಬ್ಬಿಯ ಮೇಲಿನ ರೇಂಜ್ ಬಯಲಿನಲ್ಲಿ, ಅಡ್ಡ ಏನೂ ಇಲ್ಲದಾಗ ಸಿಗುವ ದೂರ. ಘಾಟಿಯ ತಿರುವುಗಳಲ್ಲಿ ಅಷ್ಟು ಸಿಗುವುದಿಲ್ಲ.

ನೀವು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಇಬ್ಬರೂ ಮಾತಾಡುತ್ತಿರುವಾಗ ಮ್ಯಾಪ್ಸ್ ದನಿ ಬರುತ್ತದೆಯೇ? ಇದನ್ನು ಯಾರೂ ಕೇಳುವುದಿಲ್ಲ, ಕೊಂಡಮೇಲೆ ಎಲ್ಲರಿಗೂ ತಲೆನೋವಾಗುವುದು ಇದೇ.

ಕಾರಣ ಹೇಳುತ್ತೇನೆ. ಬ್ಲೂಟೂತ್‌ನಲ್ಲಿ ದನಿ ಎರಡು ದಾರಿಯಲ್ಲಿ ಬರುತ್ತದೆ. ಹಾಡು ಬರುವ ದಾರಿ ಒಂದು, ಅದಕ್ಕೆ ಎ2ಡಿಪಿ ಎನ್ನುತ್ತಾರೆ. ಫೋನ್ ಕರೆ ಬರುವ ದಾರಿ ಇನ್ನೊಂದು, ಅದು ಎಚ್‌ಎಫ್‌ಪಿ. ಗೂಗಲ್ ಮ್ಯಾಪ್ಸ್ ಸಾಮಾನ್ಯವಾಗಿ ಹಾಡಿನ ದಾರಿಯಲ್ಲಿ ಮಾತಾಡುತ್ತದೆ. ಅಗ್ಗದ ಅಥವಾ ಹಳೆಯ ಸಾಧನಗಳು ಒಮ್ಮೆಗೆ ಒಂದೇ ದನಿಯನ್ನು ನಡೆಸುತ್ತವೆ. ಇಂಟರ್‌ಕಾಮ್ ಮಾತು ನಡೆಯುತ್ತಿದ್ದರೆ 'ಎಡಕ್ಕೆ ತಿರುಗಿ' ಎಂಬುದು ಕೇಳಿಸುವುದೇ ಇಲ್ಲ. ಇಲ್ಲವೇ ಅದು ಮಾತನ್ನು ಪೂರ್ತಿ ಕತ್ತರಿಸಿ ಬಿಡುತ್ತದೆ. ಸ್ವಲ್ಪ ಮೇಲಿನ ದರ್ಜೆಯವು ಮಾತಿನ ದನಿಯನ್ನು ತಗ್ಗಿಸಿ, ಅದರ ಮೇಲೆಯೇ ದಾರಿಯನ್ನು ಹೇಳುತ್ತವೆ. ಸೇನಾ (Sena) ಎಂಬ ಇಂಟರ್‌ಕಾಮ್ ಕಂಪನಿಯವರು ಇದನ್ನು ಆಡಿಯೋ ಮಲ್ಟಿಟಾಸ್ಕಿಂಗ್ ಎಂದು ಕರೆಯುತ್ತಾರೆ, ಕಾರ್ಡೋದವರು ಪ್ಯಾರಲಲ್ ಆಡಿಯೋ ಸ್ಟ್ರೀಮಿಂಗ್ ಎನ್ನುತ್ತಾರೆ. ಬೆಂಗಳೂರಿನದೇ ಆದ ಬ್ಲೂಆರ್ಮರ್ ಕೂಡ ನಿಮ್ಮ ಪಟ್ಟಿಯಲ್ಲಿರಲಿ, ಸರ್ವಿಸ್ ಹತ್ತಿರದಲ್ಲೇ ಸಿಗುವುದು ದೊಡ್ಡ ಅನುಕೂಲ. ಯಾವ ಕಂಪನಿಯದಾದರೂ ಎಲ್ಲ ಮಾದರಿಗಳಲ್ಲೂ ಎಲ್ಲ ಸೌಲಭ್ಯ ಇರುವುದಿಲ್ಲ. ಹಾಗಾಗಿ ಹೆಸರು ನೋಡಿ ದುಡ್ಡು ಕೊಡಬೇಡಿ, ಅಲ್ಲೇ ಪರೀಕ್ಷೆ ಮಾಡಿ.

ಪರೀಕ್ಷೆ ಸುಲಭ. ನಿಮ್ಮ ಫೋನನ್ನು ಒಂದು ಸಾಧನಕ್ಕೆ ಜೋಡಿಸಿ. ಎರಡನೆಯದನ್ನು ಹೆಂಡತಿಯವರ ಕೈಗೆ ಕೊಟ್ಟು ಇಂಟರ್‌ಕಾಮ್ ಶುರು ಮಾಡಿ, ಅವರು ಮಾತಾಡುತ್ತಲೇ ಇರಲಿ. ಈಗ ಮ್ಯಾಪ್ಸ್‌ನಲ್ಲಿ ಹತ್ತಿರದ ಒಂದು ಜಾಗಕ್ಕೆ ನ್ಯಾವಿಗೇಶನ್ ಹಾಕಿ. ಆಂಡ್ರಾಯ್ಡ್ ಆದರೆ ಮ್ಯಾಪ್ಸ್‌ನ ನ್ಯಾವಿಗೇಶನ್ ಸೆಟ್ಟಿಂಗ್ಸ್‌ನಲ್ಲಿ 'ಪ್ಲೇ ಟೆಸ್ಟ್ ಸೌಂಡ್' ಅಂತ ಇರುತ್ತದೆ, ಅದನ್ನೇ ಒತ್ತಿ ನೋಡಬಹುದು. ಎರಡು ದನಿಯೂ ಅರ್ಥವಾಗುವ ಹಾಗೆ ಕೇಳಿಸಿದರೆ ತಗೊಳ್ಳಿ. 'ಮನೆಗೆ ಹೋಗಿ ಅಪ್‌ಡೇಟ್ ಮಾಡಿ, ಸರಿಹೋಗುತ್ತದೆ' ಎಂದರೆ, ಅಪ್‌ಡೇಟನ್ನು ಅಲ್ಲೇ ಮಾಡಿಸಿ ಇನ್ನೊಮ್ಮೆ ನೋಡಿ.

ಅದೇ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಮೂಲಕ ದನಿ ಕೇಳಿಸುವ ಆಯ್ಕೆ ಆನ್ ಆಗಿರಲಿ. ದನಿಯನ್ನು 'ಲೌಡರ್'ಗೆ ಹಾಕಿ. ಭಾಷೆಯನ್ನು ಕನ್ನಡಕ್ಕೆ ಬದಲಿಸಿಯೂ ನೋಡಿ. ಗಾಳಿಯ ಸದ್ದಿನ ನಡುವೆ ನಮ್ಮ ಭಾಷೆ ಬೇಗ ತಿಳಿಯುತ್ತದೆ ಎಂಬುದು ನನ್ನ ಅನುಭವ. ನಿಮ್ಮ ಹಿಮಾಲಯನ್‌ನ ಮುಂದಿನ ಪರದೆ, ಅಂದರೆ ಟ್ರಿಪ್ಪರ್ ಡ್ಯಾಶ್, ಗೂಗಲ್ ಮ್ಯಾಪ್ಸ್ ತೋರಿಸುತ್ತದಲ್ಲ, ಅದು ಹಾಗೇ ಇರಲಿ. ಇಂಟರ್‌ಕಾಮ್ ಅನ್ನು ಮಾತ್ರ ನೇರವಾಗಿ ಫೋನಿಗೇ ಜೋಡಿಸಿ.

ಇನ್ನೊಂದು ವಿಷಯಕ್ಕೆ ದುಡ್ಡಿಗಿಂತ ತಾಳ್ಮೆ ಬೇಕು. ಅದು ಸ್ಪೀಕರ್ ಕೂರಿಸುವ ಜಾಗ. 'ಸೌಂಡ್ ಸಾಲದು' ಎನ್ನುವವರ ಹೆಲ್ಮೆಟ್ ಬಿಚ್ಚಿ ನೋಡಿದರೆ, ಸ್ಪೀಕರ್ ಕಿವಿಯ ಎದುರಿಗೆ ಇರುವುದೇ ಇಲ್ಲ. ಒಂದು ಸೆಂಟಿಮೀಟರ್ ಆಚೀಚೆಯಾದರೂ ಎಷ್ಟೋ ವ್ಯತ್ಯಾಸವಾಗುತ್ತದೆ. ಮೊದಲು ಅಂಟಿಸದೆ ಸುಮ್ನೆ ಇಟ್ಟು, ಹೆಲ್ಮೆಟ್ ಹಾಕಿಕೊಂಡು, ಹಾಡು ಹಾಕಿ ಬೆರಳಿನಿಂದ ಅತ್ತಿತ್ತ ಸರಿಸುತ್ತಾ ನೋಡಿ. ಎಲ್ಲಿ ದನಿ ತುಂಬಿ ಬರುತ್ತದೋ ಅಲ್ಲೇ ಅಂಟಿಸಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್‌ಗೆ ಗಲ್ಲದ ಹತ್ತಿರ ಅಂಟಿಸುವ ಚಿಕ್ಕ ಮೈಕ್, ತೆರೆದ ಅಥವಾ ಮೇಲೆತ್ತುವ ಹೆಲ್ಮೆಟ್‌ಗೆ ಕಡ್ಡಿಯಿರುವ ಮೈಕ್ ಹಾಕಿಸಿ.

ಒಂದು ಮಾತು ದಯವಿಟ್ಟು ಮನಸ್ಸಿನಲ್ಲಿಡಿ. ಸ್ಪೀಕರ್‌ಗೆ ಜಾಗ ಸಾಲದು ಎಂದು ಒಳಗಿನ ಥರ್ಮಾಕೋಲನ್ನು ಕೊರೆಯಲು ಯಾರಿಗೂ ಬಿಡಬೇಡಿ. ಬಿದ್ದಾಗ ಪೆಟ್ಟನ್ನು ತಾನು ತಿಂದು ತಲೆ ಉಳಿಸುವುದು ಆ ಪದರವೇ. ಕೊರೆದ ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು ಇದ್ದೂ ಪ್ರಯೋಜನವಿಲ್ಲ. ಕಿವಿಯ ಹತ್ತಿರ ಸ್ಪೀಕರ್‌ಗೆಂದೇ ಗುಳಿ ಇರುವ ಹೆಲ್ಮೆಟ್‌ಗಳು ಸಿಗುತ್ತವೆ. ಇಂಟರ್‌ಕಾಮ್‌ನಲ್ಲಿ ಉಳಿಸಿದ ದುಡ್ಡನ್ನು ಅದಕ್ಕೆ ಹಾಕಿ.

ಆಗುಂಬೆ ದಾರಿ ಎಂದಿರಿ. ಅಲ್ಲಿ ಕಾಡಿನ ನಡುವೆ ಮೊಬೈಲ್ ನೆಟ್‌ವರ್ಕ್ ಹೋಗುತ್ತದೆ, ದನಿಯೂ ನಿಂತರೆ ಜನ ಇಂಟರ್‌ಕಾಮ್ ಕೆಟ್ಟಿತು ಅಂದುಕೊಳ್ಳುತ್ತಾರೆ. ನೀವು ಎಲ್ಲಿದ್ದೀರಿ ಎಂದು ಫೋನಿಗೆ ತಿಳಿಸುವ ಉಪಗ್ರಹದ ಸಿಗ್ನಲ್‌ಗೆ ಸಿಮ್ಮೂ ಬೇಡ, ಡೇಟಾವೂ ಬೇಡ. ನಿಂತುಹೋಗಿರುವುದು ನಕ್ಷೆ ಮಾತ್ರ. ಮನೆಯಲ್ಲೇ ವೈಫೈಯಲ್ಲಿ ತೀರ್ಥಹಳ್ಳಿಯಿಂದ ಹೆಬ್ರಿ, ಉಡುಪಿವರೆಗಿನ ಭಾಗವನ್ನು ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಆಗಿ ಇಳಿಸಿಕೊಂಡು ಹೊರಡಿ.

ಮಳೆಗಾಲದಲ್ಲೂ ಓಡಾಡುವವರಾದ್ದರಿಂದ ಐಪಿ67 ಇರುವುದನ್ನು ನೋಡಿ. 6 ಎಂದರೆ ದೂಳು ಒಳಗೆ ಹೋಗುವುದಿಲ್ಲ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಗಟ್ಟಿಯಾಗಿ ಕೂರಬೇಕು, ನೀರು ಹೋಗುವುದು ಅಲ್ಲಿಂದಲೇ. ಗ್ಲೌಸ್ ಹಾಕಿಕೊಂಡೇ ಬಟನ್ ಒತ್ತಿ ನೋಡುವುದನ್ನೂ ಮರೆಯಬೇಡಿ.

ಪ್ರಶ್ನೆ: ಜರ್ಮನಿಯಲ್ಲಿರುವ ನಮ್ಮ ಭಾವ ತಾವು ಬಳಸಿದ ಗಾರ್ಮಿನ್ ಜೂಮೋ ಎಕ್ಸ್‌ಟಿ (ಬೈಕಿಗೆ ಹಾಕುವ, ದಾರಿ ತೋರಿಸುವ ಜಿಪಿಎಸ್ ಸಾಧನ) ಕೊಡುತ್ತೇನೆ ಎಂದಿದ್ದಾರೆ. ಅದನ್ನೂ ಫೋನನ್ನೂ ಒಂದೇ ಇಂಟರ್‌ಕಾಮ್‌ಗೆ ಜೋಡಿಸಬಹುದೇ? ಗೆಳೆಯನ ಹತ್ತಿರ ಬೇರೆ ಕಂಪನಿಯ ಇಂಟರ್‌ಕಾಮ್ ಇದೆ, ಅವನ ಜೊತೆಗೂ ಮಾತಾಡಬೇಕು.

— ಮೈಸೂರಿನ ಓದುಗರು

ಉತ್ತರ: ಮೊದಲು ಭಾವನವರನ್ನು ಒಂದು ಮಾತು ಕೇಳಿ: ಅದರಲ್ಲಿ ಯಾವ ದೇಶದ ನಕ್ಷೆ ಇದೆ? ಅಲ್ಲಿ ಕೊಂಡದ್ದರಲ್ಲಿ ಯುರೋಪಿನ ನಕ್ಷೆ ಇರುತ್ತದೆ. ಭಾರತದ ನಕ್ಷೆಯನ್ನು ಬೇರೆಯಾಗಿ ಹಾಕಿಸಬೇಕು. ಅದಾಗದಿದ್ದರೆ ಮುಂದಿನ ಮಾತೇ ಬೇಡ. ಆದರೆ ಅದು ನಿಜಕ್ಕೂ ಒಳ್ಳೆಯ ಸಾಧನ. ಬಿಸಿಲಿನಲ್ಲಿ ಪರದೆ ಕಾಣುತ್ತದೆ, ಗ್ಲೌಸ್ ಹಾಕಿದ ಬೆರಳಿಗೂ ಕೆಲಸ ಮಾಡುತ್ತದೆ, ನಕ್ಷೆ ಒಳಗೇ ಇರುವುದರಿಂದ ನೆಟ್‌ವರ್ಕ್ ಬೇಡ.

ಎರಡನ್ನೂ ಜೋಡಿಸಲು ಇಂಟರ್‌ಕಾಮ್‌ನಲ್ಲಿ ಎರಡು ಬ್ಲೂಟೂತ್ ಚಾನೆಲ್ ಇರಬೇಕು. ಮ್ಯಾನ್ಯುಯಲ್‌ನಲ್ಲಿ 'ಜಿಪಿಎಸ್ ಪೇರಿಂಗ್' ಎಂಬ ಭಾಗ ಇದೆಯೇ ನೋಡಿ. ಇದ್ದರೆ ಫೋನನ್ನು ಮಾಮೂಲಿ ರೀತಿಯಲ್ಲಿ, ಜೂಮೋವನ್ನು ಆ ಜಿಪಿಎಸ್ ಪೇರಿಂಗ್‌ನಲ್ಲೇ ಜೋಡಿಸಿ. ಎರಡನೇ ಫೋನ್ ಎಂದು ಜೋಡಿಸಿದರೂ ದನಿ ಬರಬಹುದು, ಆದರೆ ಯಾವುದು ಯಾವುದನ್ನು ನಿಲ್ಲಿಸುತ್ತದೆ ಎಂಬ ಲೆಕ್ಕ ತಪ್ಪುತ್ತದೆ.

ಗೆಳೆಯನ ವಿಷಯದಲ್ಲೇ ತೊಡಕು. ಒಂದು ಕಂಪನಿಯ ಮೆಶ್ ಸಾಮಾನ್ಯವಾಗಿ ಇನ್ನೊಂದರ ಮೆಶ್ ಜೊತೆ ಮಾತಾಡುವುದಿಲ್ಲ. ಬೇರೆ ಕಂಪನಿಯದನ್ನು 'ಯೂನಿವರ್ಸಲ್ ಇಂಟರ್‌ಕಾಮ್' ಮೂಲಕ ಜೋಡಿಸಬಹುದು. ಆದರೆ ಆಗ ನಿಮ್ಮ ಸಾಧನ ಅವನದನ್ನು ಒಂದು ಫೋನ್ ಎಂದೇ ತಿಳಿಯುತ್ತದೆ. ಒಂದು ಚಾನೆಲ್ ಅವನಿಗೆ ಹೋಯಿತು. ಉಳಿದ ಒಂದರಲ್ಲಿ ಫೋನ್ ಅಥವಾ ಜೂಮೋ, ಎರಡರಲ್ಲಿ ಒಂದು. ನೀವಿನ್ನೂ ಕೊಂಡಿಲ್ಲವಾದ್ದರಿಂದ ಗೆಳೆಯನ ಕಂಪನಿಯದನ್ನೇ ತಗೊಳ್ಳುವುದು ಜಾಣತನ.

ಪ್ರಶ್ನೆ: ಇಂಟರ್‌ಕಾಮ್ ಹಾಕಿಸಿದ ಮೇಲೂ ಫೋನನ್ನು ಹ್ಯಾಂಡಲ್ ಮೇಲೆ ಇಡಬೇಕಾ? ಪೊಲೀಸರು ಹಿಡಿಯುತ್ತಾರಾ?

— ಹಾಸನದ ಓದುಗರು

ಉತ್ತರ: ದನಿ ಚೆನ್ನಾಗಿ ಕೇಳಿಸುತ್ತಿದ್ದರೆ ಫೋನ್ ಜಾಕೆಟ್ ಜೇಬಿನಲ್ಲೇ ಇರಲಿ. ಮಳೆ, ಬಿಸಿಲು, ಕಳ್ಳತನ ಮೂರರಿಂದಲೂ ಬಚಾವು. ದೊಡ್ಡ ಎಂಜಿನ್ ಬೈಕಿನ ಅದುರಾಟ ಐಫೋನ್ ಕ್ಯಾಮೆರಾವನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಪೇಟೆಯ ಗಲ್ಲಿಗಳಲ್ಲಿ ನಕ್ಷೆ ನೋಡಲೇಬೇಕು ಎಂದರೆ ಅದುರು ತಡೆಯುವ ಹೋಲ್ಡರ್ ಹಾಕಿಸಿ.

ಕಾನೂನಿನ ಮಟ್ಟಿಗೆ, ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ ಗಾಡಿ ಓಡಿಸುವಾಗ ಕೈಯಲ್ಲಿ ಹಿಡಿಯುವ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ. ಕರೆ ಬಂದರೆ ಬದಿಗೆ ನಿಲ್ಲಿಸಿ ಮಾತಾಡಿ. ಹೆಲ್ಮೆಟ್ ಒಳಗೆ ಕಿವಿಗೆ ಇಯರ್‌ಬಡ್ಸ್ ತುರುಕಿಕೊಂಡು ಇಂಟರ್‌ಕಾಮ್ ಕೆಲಸ ಮಾಡಿಸುವುದಂತೂ ಬೇಡವೇ ಬೇಡ, ಹಿಂದಿನ ಲಾರಿಯ ಹಾರ್ನ್ ಕೇಳಿಸುವುದಿಲ್ಲ. ಹೆಲ್ಮೆಟ್ ಸ್ಪೀಕರ್‌ನ ದನಿಯನ್ನೂ ಹಾರ್ನ್ ಮುಚ್ಚಿಹೋಗುವಷ್ಟು ಏರಿಸಬೇಡಿ.