ಸಂಪಾದಕರ ಉತ್ತರ: ‘ನಾಳೆ ಬರ್ತೀಯಲ್ವಾ?’

ಪ್ರೀತಿಯ ಓದುಗರೇ,

ಹೆಸರು ಹಾಕಬೇಡಿ ಅಂತ ಕೇಳಿದ್ದೀರಿ, ಹಾಕುವುದಿಲ್ಲ. ನಿಮ್ಮ ಆರು ಪುಟದ ಕಾಗದಕ್ಕೆ ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಅದಕ್ಕೇ ಇಷ್ಟು ತಡವಾಯಿತು.

ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ನಿಮ್ಮ ತಂಗಿಯ ಮಗನಿಗೆ 19 ವರ್ಷ. ಕಾಲೇಜು ಬಿಟ್ಟು ವರ್ಷವಾಯಿತು. ರಾತ್ರಿಯೆಲ್ಲ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುತ್ತಾನೆ, ಹಗಲೆಲ್ಲ ಮಲಗುತ್ತಾನೆ. ಒಂದೊಂದು ದಿನ ಮನೆಗೇ ಬರುವುದಿಲ್ಲ. ಬೀರುವಿನಿಂದ ಎರಡು ಸಲ ಹಣ ಹೋಗಿದೆ. ಹೋದ ತಿಂಗಳು ಹೊಡೆದಾಟದಲ್ಲಿ ಸಿಕ್ಕಿಬಿದ್ದ, ನೀವೇ ಹೋಗಿ ಠಾಣೆಯಿಂದ ಬಿಡಿಸಿಕೊಂಡು ಬಂದಿರಿ. ‘ಹದಿನೆಂಟು ತುಂಬಿದವರನ್ನೆಲ್ಲ ಎರಡು ವರ್ಷ ಕಡ್ಡಾಯವಾಗಿ ದೇಶಸೇವೆಗೆ ಹಾಕಿದರೆ ಇಂಥವರು ತಾವಾಗಿ ದಾರಿಗೆ ಬರುತ್ತಾರೆ. ಪತ್ರಿಕೆಯವರು ಇದನ್ನು ಯಾಕೆ ಬರೆಯುವುದಿಲ್ಲ?’ ಅಂತ ಕೇಳಿದ್ದೀರಿ.

ಕಾಗದದ ತುಂಬ ಸಿಟ್ಟಿದೆ. ಆದರೆ ನಾಲ್ಕನೇ ಪುಟದಲ್ಲಿ ‘ಗೇಟಿನ ಸದ್ದಾಗುವ ತನಕ ತಂಗಿ ಕಣ್ಣು ಮುಚ್ಚುವುದಿಲ್ಲ’ ಅಂತ ಒಂದು ಸಾಲಿದೆ. ಅದನ್ನು ಓದಿದ ಮೇಲೆ ನಿಮ್ಮ ಜೊತೆ ವಾದ ಮಾಡಲು ಮನಸ್ಸೇ ಬರಲಿಲ್ಲ. ಆದರೂ ಮಾಡಬೇಕು. ನೀವು ಕೇಳುತ್ತಿರುವ ಮದ್ದು ನಿಮ್ಮ ಹುಡುಗನಂಥವರಿಗೇ ಕೈ ಕೊಡುತ್ತದೆ ಅಂತ ನನ್ನ ನಂಬಿಕೆ.

ನಿಮ್ಮ ಮಾತಿನಲ್ಲಿ ನಿಜವೂ ಇದೆ. ಇಂಥ ಹುಡುಗರಿಗೆ ಬೆಳಗ್ಗೆ ಅಂತ ಒಂದು ಇರುವುದೇ ಇಲ್ಲ. ಐದಕ್ಕೆ ಎಬ್ಬಿಸಿ, ಓಡಿಸಿ, ಮೈ ದಣಿಸಿ, ಹಳೇ ಗುಂಪಿನಿಂದ ದೂರ ಇಟ್ಟರೆ ಅಷ್ಟು ದಿನ ತಂಟೆ ಕಡಿಮೆಯಾಗುತ್ತದೆ. ಹೌದು. ಬಿಟ್ಟು ಬಂದ ಮೇಲೆ ಏನಾಗುತ್ತದೆ ಅನ್ನುವುದು ಪ್ರಶ್ನೆ ಅಲ್ವಾ?

ಇದಕ್ಕೆ ಅರ್ಜೆಂಟೀನಾದಲ್ಲಿ ಒಳ್ಳೆಯ ಪರೀಕ್ಷೆ ಸಿಕ್ಕಿತು. ಅಲ್ಲಿ ಯಾರು ಸೇನೆಗೆ ಹೋಗಬೇಕು ಅನ್ನುವುದನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಿದ್ದರು. ಗುರುತಿನ ಚೀಟಿಯ ಕೊನೆಯ ಮೂರು ಅಂಕಿಗೆ ಲಾಟರಿಯಲ್ಲಿ ಬಂದ ಸಂಖ್ಯೆಯ ಮೇಲೆ ಹುಡುಗನ ಮುಂದಿನ ವರ್ಷ ನಿಂತಿತ್ತು. ಹೀಗಾಗಿ ಹೋದವರೂ ಉಳಿದವರೂ ಒಂದೇ ಥರದವರು, ಅದೃಷ್ಟ ಮಾತ್ರ ಬೇರೆ. ಎಷ್ಟೋ ವರ್ಷಗಳ ನಂತರ ಸಂಶೋಧಕರು ಎರಡೂ ಗುಂಪಿನವರ ಪೊಲೀಸ್ ದಾಖಲೆ ಹೋಲಿಸಿ ನೋಡಿ 2011ರಲ್ಲಿ ಪ್ರಕಟಿಸಿದರು. ಸೇನೆಗೆ ಹೋಗಿ ಬಂದವರಲ್ಲೇ ಅಪರಾಧ ಸ್ವಲ್ಪ ಜಾಸ್ತಿ ಇತ್ತು.

ಸ್ವೀಡನ್ನಿನ ಲೆಕ್ಕ ಇನ್ನೂ ಹತ್ತಿರದಿಂದ ಮುಟ್ಟುತ್ತದೆ. ಅಲ್ಲಿಯೂ ಕಡ್ಡಾಯ ಸೇವೆ ಮುಗಿಸಿ ಬಂದವರ ಅಪರಾಧ ಹೆಚ್ಚಾಗಿತ್ತು. ಹೆಚ್ಚಾದದ್ದು ಯಾರಲ್ಲಿ? ಮುಖ್ಯವಾಗಿ ಬಡ ಮನೆಯಿಂದ ಬಂದವರಲ್ಲಿ, ಮೊದಲೇ ಪೊಲೀಸರ ಕೈಗೆ ಸಿಕ್ಕಿದ್ದವರಲ್ಲಿ. ಯಾರನ್ನು ತಿದ್ದಬೇಕು ಅಂತ ನೀವು ಕೇಳುತ್ತಿದ್ದೀರೋ ಅವರಲ್ಲೇ. ಡೆನ್ಮಾರ್ಕಿನಲ್ಲಿ ಬೇರೆ ಫಲ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಹಿಂದೆ ತಪ್ಪು ಮಾಡಿದ್ದ ಹುಡುಗರಲ್ಲಿ ಕಳ್ಳತನದಂಥ ಅಪರಾಧ ಕೆಲವು ವರ್ಷ ಕಡಿಮೆಯಾಯಿತು. ಹೊಡೆದಾಟ ಮಾತ್ರ ಕಡಿಮೆಯಾಗಲಿಲ್ಲ.

‘ನಮ್ಮ ಪರಿಚಯದವರ ಮಗ ಸೇನೆಗೆ ಹೋಗಿ ಸರಿಹೋದ’ ಅಂತಲೂ ಬರೆದಿದ್ದೀರಿ. ಸರಿಹೋಗಿರಬಹುದು, ಸಂತೋಷ. ಆದರೆ ಒಂದು ಗಮನಿಸಿ. ಹುಡುಗರ ಪುಂಡಾಟ ಸುಮಾರು 17ರಿಂದ 20ರ ವಯಸ್ಸಿಗೆ ಏರಿ ಆಮೇಲೆ ತಾನಾಗಿ ಇಳಿಯುತ್ತದೆ. ಸೇವೆ ಮಾಡಿಸದ ದೇಶಗಳಲ್ಲೂ ಹೀಗೇ ಆಗುತ್ತದೆ. 18ಕ್ಕೆ ಕಳಿಸಿ 20ಕ್ಕೆ ವಾಪಸ್ ಕರೆದರೆ ವಯಸ್ಸು ಮಾಡಿದ ಕೆಲಸದ ಹೆಸರು ಹವಾಲ್ದಾರನಿಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಇವತ್ತಿಗೂ ಹಳಬರು ‘ಆ ಕಾಲವೇ ಚೆನ್ನಾಗಿತ್ತು’ ಅನ್ನುತ್ತಾರೆ. 1949ರಿಂದ 1960ರ ತನಕ ಅಲ್ಲಿ ಹುಡುಗರನ್ನು ಸೇವೆಗೆ ಕರೆಯುತ್ತಿದ್ದರು. 20 ಲಕ್ಷಕ್ಕೂ ಹೆಚ್ಚು ಜನ ಹೋಗಿ ಬಂದರು. ಬೀದಿ ಜಗಳಕ್ಕೆ ಹೆಸರಾದ ‘ಟೆಡ್ಡಿ ಬಾಯ್ಸ್’ ಗುಂಪುಗಳು ಹುಟ್ಟಿದ್ದೂ ಅದೇ ವರ್ಷಗಳಲ್ಲಿ.

ಇನ್ನೊಂದು ವಿಷಯ. ಸೇನೆಗಳಿಗೆ ನಿಮ್ಮ ಹುಡುಗ ಬೇಕಾಗಿಯೇ ಇಲ್ಲ. ಸ್ವೀಡನ್ 2018ರಲ್ಲಿ ಕಡ್ಡಾಯ ಸೇವೆಯನ್ನು ಮತ್ತೆ ಶುರು ಮಾಡಿತು. ವರ್ಷಕ್ಕೆ ಸುಮಾರು ಒಂದು ಲಕ್ಷ ಹುಡುಗ ಹುಡುಗಿಯರು ಪ್ರಶ್ನಾವಳಿ ತುಂಬುತ್ತಾರೆ, ಆಯ್ಕೆಯಾಗುವವರು ಕೆಲವೇ ಸಾವಿರ. ಗಟ್ಟಿ ಮೈ, ಗಟ್ಟಿ ಮನಸ್ಸು, ಆಸಕ್ತಿ ಇದ್ದವರನ್ನು ಹೆಕ್ಕಿಕೊಳ್ಳುತ್ತಾರೆ. ರಾತ್ರಿ ನಿದ್ದೆ ಇಲ್ಲದ, ಪೊಲೀಸ್ ದಾಖಲೆ ಇರುವ, ಸಾಲ ಮಾಡಿಕೊಂಡ ಹುಡುಗ ಮೊದಲ ಜರಡಿಯಲ್ಲೇ ಕೆಳಗೆ ಬೀಳುತ್ತಾನೆ. ‘ಇಲ್ಲಿಯೂ ಬೇಡವಾದೆ’ ಅಂತ ಮನೆಗೆ ಬರುತ್ತಾನೆ.

ಜರಡಿ ತೆಗೆದುಹಾಕಿ ಎಲ್ಲರನ್ನೂ ಸೇರಿಸಿಕೊಂಡ ಪ್ರಯೋಗವೂ ನಡೆದಿದೆ. 1966ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ, ಪರೀಕ್ಷೆಯಲ್ಲಿ ಫೇಲಾಗಿ ಸೇನೆಗೆ ಬೇಡವಾಗಿದ್ದ ಬಡ ಹುಡುಗರನ್ನು ಸೇರಿಸಿಕೊಂಡು ಉದ್ಧಾರ ಮಾಡುತ್ತೇವೆ ಅಂದರು. ಅದಕ್ಕೆ ‘ಪ್ರಾಜೆಕ್ಟ್ ಒನ್ ಹಂಡ್ರೆಡ್ ಥೌಸಂಡ್’ ಅಂತ ಹೆಸರು. ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡರು. ಕೈಗೆ ಕಸುಬು ಕಲಿಸುತ್ತೇವೆ ಅಂದದ್ದು ಬಹುಪಾಲು ಮಾತಾಗಿಯೇ ಉಳಿಯಿತು. ಎಷ್ಟೋ ಜನರನ್ನು ವಿಯೆಟ್ನಾಂ ಯುದ್ಧಕ್ಕೆ ಕಳಿಸಿದರು. ಇದನ್ನು ಬರೆಯುವಾಗಲೂ ನನಗೆ ಕಷ್ಟವಾಗುತ್ತದೆ. ಆ ಮಕ್ಕಳ ತಾಯಂದಿರೂ ಗೇಟಿನ ಸದ್ದಿಗೆ ಕಾಯುತ್ತಿದ್ದರು.

ಬ್ಯಾರಕ್ಕಿನ ಒಳಗಿನ ಮಾತನ್ನೂ ಹೇಳಬೇಕು. ಬಲವಂತದಿಂದ ತುಂಬಿದ ಜಾಗದಲ್ಲಿ ಮೊದಲು ಏಟು ಬೀಳುವುದು ದುರ್ಬಲನಿಗೆ. ರಷ್ಯದಲ್ಲಿ ಹಳಬರು ಹೊಸಬರನ್ನು ಹಿಂಸಿಸುವ ಪದ್ಧತಿಗೆ ‘ದೆದೊವ್ಶಿನಾ’ ಅಂತ ಹೆಸರೇ ಇದೆ, ಅಜ್ಜಂದಿರ ಆಳ್ವಿಕೆ ಅಂತ ಅರ್ಥ. ಅರ್ಜೆಂಟೀನಾದಲ್ಲಿ ಓಮಾರ್ ಕರಾಸ್ಕೊ ಅನ್ನುವ ಹುಡುಗ 1994ರಲ್ಲಿ ಸೇನೆಗೆ ಸೇರಿದ ಕೆಲವೇ ದಿನಗಳಲ್ಲಿ ಏಟು ತಿಂದು ಸತ್ತ. ದೇಶವೇ ತಿರುಗಿಬಿತ್ತು. ಕಡ್ಡಾಯ ಸೇವೆ ಅಲ್ಲಿ ನಿಂತದ್ದು ಆ ಹುಡುಗನ ಸಾವಿನಿಂದ.

ಹಾಗಾದರೆ ಯಾವುದೂ ಫಲಿಸಲಿಲ್ಲವಾ ಅಂತ ಕೇಳುತ್ತೀರಿ. ಫಲಿಸಿದ್ದೂ ಇದೆ. 1933ರಲ್ಲಿ, ಕೆಲಸವೇ ಸಿಗದ ಕಾಲದಲ್ಲಿ, ಅಮೆರಿಕ ಯುವಕರಿಗಾಗಿ ಅರಣ್ಯ ಶಿಬಿರಗಳನ್ನು ತೆರೆಯಿತು. 1942ರ ತನಕ ಸುಮಾರು 30 ಲಕ್ಷ ಹುಡುಗರು ಅಲ್ಲಿ ಮರ ನೆಟ್ಟರು, ದಾರಿ ಮಾಡಿದರು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ 25 ಡಾಲರ್ ಮನೆಗೆ ಹೋಗುತ್ತಿತ್ತು. ಓದು ಬಾರದವರು ಅಲ್ಲಿ ಓದು ಕಲಿತರು. ಅದು ಕಡ್ಡಾಯವಾಗಿರಲಿಲ್ಲ. ಹೆಸರು ಬರೆಸಿದವರು ಹುಡುಗರೇ. ‘ನನ್ನ ದುಡಿಮೆಯಿಂದ ಅಮ್ಮನಿಗೆ ದುಡ್ಡು ಹೋಗ್ತಿದೆ’ ಅನ್ನುವುದು ಹದಿನೆಂಟರ ಹುಡುಗನಿಗೆ ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ಇಸ್ರೇಲಿನಲ್ಲಿ ಸೇವೆ ಕಡ್ಡಾಯವೇ. ಆದರೆ ಅಲ್ಲೂ ಹಾದಿ ತಪ್ಪಿದ ಹುಡುಗರನ್ನು ಸುಮ್ನೆ ದೊಡ್ಡ ಗುಂಪಿಗೆ ತಳ್ಳಲಿಲ್ಲ. 1980ರ ದಶಕದ ಆರಂಭದಲ್ಲಿ ಸೇನಾ ಮುಖ್ಯಸ್ಥ ರಫಾಯೆಲ್ ಐತಾನ್ ಇಂಥ ಹುಡುಗರಿಗಾಗಿಯೇ ಬೇರೆ ತರಬೇತಿ ಶುರು ಮಾಡಿಸಿದರು. ಚಿಕ್ಕ ಚಿಕ್ಕ ತಂಡಗಳು, ಜೊತೆಗೆ ಬಿಟ್ಟುಹೋದ ಓದು. ಕಲಿಸುವವರು ಹೆಚ್ಚಾಗಿ ಅದೇ ವಯಸ್ಸಿನ ಸೈನಿಕ ಹುಡುಗಿಯರು, ಒಬ್ಬೊಬ್ಬ ಹುಡುಗನ ಕಥೆಯನ್ನೂ ಬಲ್ಲವರು.

ನಾನು ಇದನ್ನು ಲೆಕ್ಕಗಳಿಂದ ಮಾತ್ರ ನಂಬಿದ್ದಲ್ಲ. ಈ ಪತ್ರಿಕೆಗೆ ಬರುವ ಮೊದಲು ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಒಂದು ದಿನ ಅಪ್ಪನೊಬ್ಬ 17ರ ಮಗನನ್ನು ರಟ್ಟೆ ಹಿಡಿದು ಬೈಂಡಿಂಗ್ ವಿಭಾಗಕ್ಕೆ ತಂದು ಕೂರಿಸಿದ. ‘ಹೊಡೆದಾದರೂ ಕೆಲಸ ಕಲಿಸಿ’ ಅಂದ. ಹುಡುಗ ಮೂರು ದಿನ ಗೋಡೆ ನೋಡುತ್ತಾ ಕೂತ. ನಾಲ್ಕನೇ ದಿನ ಮಡಿಸಿಟ್ಟ ಫಾರಂಗಳನ್ನು, ಅಂದರೆ ಪುಸ್ತಕವಾಗಬೇಕಿದ್ದ ಅಚ್ಚಾದ ಹಾಳೆಗಳನ್ನು, ಒದ್ದು ಚೆಲ್ಲಿದ. ಹಿರಿಯ ಬೈಂಡರ್ ಒಂದೊಂದೇ ಫಾರಂ ಎತ್ತಿ ಜೋಡಿಸಿದರು. ಸಂಜೆ ಅಪ್ಪ ಬಂದಾಗ, ‘ನೀವು ಎಳ್ಕೊಂಡು ಬರೋದು ಬೇಡ. ಅವನಾಗಿ ಬಂದ್ರೆ ಬರಲಿ’ ಅಂದರು. ಹುಡುಗ ಅಲ್ಲೇ ನಿಂತು ಕೇಳಿಸಿಕೊಂಡ.

ಎಂಟು ದಿನ ಪತ್ತೆಯಿಲ್ಲ. ಒಂಬತ್ತನೇ ದಿನ ಬಾಗಿಲಲ್ಲಿ ನಿಂತಿದ್ದ. ಯಾಕೆ ಬಂದೆ ಅಂತ ಯಾರೂ ಕೇಳಲಿಲ್ಲ. ಬೈಂಡರ್ ಅವನ ಕೈಗೆ ಸೂಜಿ ಕೊಟ್ಟರು. ದಾರಕ್ಕೆ ಮೇಣ ಸವರುವುದು ಹೇಗೆ, ಫಾರಂಗಳ ಬೆನ್ನು ಸಮ ಮಾಡುವುದು ಹೇಗೆ ಅಂತ ತೋರಿಸಿದರು. ಜೋರಾಗಿ ಎಳೆದರೆ ಕಾಗದ ಸೀಳುತ್ತದೆ, ಸಡಿಲ ಬಿಟ್ಟರೆ ಪುಸ್ತಕ ನಿಲ್ಲುವುದಿಲ್ಲ. ಅವನು ಮೊದಲ ವಾರ ಬರೀ ಸೀಳಿದ. ದಿನಾ ಸಂಜೆ ಅಂಗಿ ತೊಡುವಾಗ ಅವರು ಒಂದೇ ಮಾತು ಕೇಳುತ್ತಿದ್ದರು: ‘ನಾಳೆ ಬರ್ತೀಯಲ್ವಾ?’ ಹುಡುಗ ತಿಂಗಳುಗಟ್ಟಲೆ ಅದಕ್ಕೆ ಉತ್ತರ ಕೊಡಲಿಲ್ಲ. ಆದರೆ ಬರುತ್ತಿದ್ದ. ಮಧ್ಯೆ ಎರಡು ಸಲ ಕುಡಿದು ನಾಪತ್ತೆಯಾದ, ಮತ್ತೆ ಬಂದ. ಆಗಲೂ ಸಂಜೆ ಅದೇ ಪ್ರಶ್ನೆ.

ಕಾನೂನು ಮಾಡಿ ಸಾವಿರಾರು ಹುಡುಗರನ್ನು ಸಾಲಾಗಿ ನಿಲ್ಲಿಸಬಹುದು. ಆ ಪ್ರಶ್ನೆ ಕೇಳುವ ಒಬ್ಬೊಬ್ಬರನ್ನು ಪ್ರತಿ ಹುಡುಗನ ಪಕ್ಕ ನಿಲ್ಲಿಸುವುದು ಕಷ್ಟ, ಅದಕ್ಕೆ ಜಾಸ್ತಿ ಖರ್ಚು. ಸರ್ಕಾರಗಳು ಆ ಖರ್ಚು ಮಾಡಲಿ ಅಂತ ಈ ಪತ್ರಿಕೆ ಖಂಡಿತ ಬರೆಯುತ್ತದೆ. ಬರುವವರಿಗೆ ಬಾಗಿಲು ತೆರೆದಿರುವ, ಕೂಲಿ ಕೊಡುವ, ಕಸುಬು ಕಲಿಸುವ ಸೇವೆ ಬೇಕು. ಕಡ್ಡಾಯ ಮಾಡಿ ಅಂತ ಮಾತ್ರ ಬರೆಯಲಾರೆ.

ಈಗ ನಿಮ್ಮ ಹುಡುಗನ ವಿಷಯ. ದುಡ್ಡಿನ ಆಟದ ಚಟ ಬರೀ ಸೋಮಾರಿತನ ಅಂತ ತಿಳಿಯಬೇಡಿ, ಅದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಎಷ್ಟು ಸಾಲ ಆಗಿದೆ ಅಂತ ಬೈಯದೆ ಕೇಳಿ. ತೀರಿಸಲು ದಾರಿ ಹುಡುಕಿ, ಆದರೆ ಕೈಗೆ ನಗದು ಕೊಡಬೇಡಿ. ಸಾಯುವ ಮಾತು ಒಂದು ಸಲ ಬಾಯಿಂದ ಬಂದರೂ ಅವನನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ.

ಐದನೇ ಪುಟದ ಅಂಚಿನಲ್ಲಿ ನೀವು ಇನ್ನೊಂದು ಸಾಲು ಬರೆದಿದ್ದೀರಿ, ಬಹುಶಃ ನಿಮಗೇ ನೆನಪಿಲ್ಲ. ಮೊಣಕಾಲು ನೋವಿನ ಅಜ್ಜಿಯನ್ನು ಅವನು ದಿನಾ ಸಂಜೆ ಎತ್ತಿಕೊಂಡು ಮೆಟ್ಟಿಲು ಇಳಿಸುತ್ತಾನೆ, ಅರ್ಧ ಗಂಟೆ ಬಿಟ್ಟು ಮೇಲೆ ತರುತ್ತಾನೆ, ಯಾರೂ ಹೇಳಿದ್ದಲ್ಲ ಅಂತ. ಈ ಮಾತನ್ನು ಅವನ ಎದುರು ಯಾರಾದರೂ ಆಡಿದ್ದೀರಾ? ಈ ಭಾನುವಾರ ಅವನು ಅಜ್ಜಿಯನ್ನು ಇಳಿಸುವ ಹೊತ್ತಿಗೆ ನೀವೂ ಮೆಟ್ಟಿಲ ಹತ್ತಿರ ಇರಿ. ಅವನು ಏನಂದ ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ